ಮುಂಗಡಕ್ಕೆ ರಸೀದಿ, ಮಾತಿಗೆ ಕರಾರು

ಆಷಾಢ ಮಾಸದಲ್ಲಿ ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ರಥೋತ್ಸವಕ್ಕೆ ನವದಂಪತಿಗಳು ಬಂದು ತೇರಿಗೆ ಹಣ್ಣು-ಜವನ ಎಸೆಯುವುದು ವಾಡಿಕೆ. ಮದುವೆಗಳಿಲ್ಲದ ಆ ತಿಂಗಳು ಶಾಮಿಯಾನ, ಅಡುಗೆ, ಹೂವಿನ ಅಲಂಕಾರ ಹಾಗೂ ಛಾಯಾಗ್ರಹಣದ ವೃತ್ತಿಯವರಿಗೆ ಹಿಂದಿನ ಲಗ್ನಗಳ ಬಾಕಿ ವಸೂಲಿಗೆ ಸಿಗುವ ಬಿಡುವೂ ಹೌದು. ತಕರಾರುಗಳು ತಲೆದೋರುವುದೂ ಆಗಲೇ.

ಇವುಗಳಲ್ಲಿ ಅನೇಕವು ಬಾಯಿಮಾತಿನ ಒಪ್ಪಂದದಿಂದ ಹುಟ್ಟಿದವು. ಐನೂರು ಎಲೆಗೆಂದು ಒಪ್ಪಿಕೊಂಡ ಊಟಕ್ಕೆ ಏಳುನೂರು ಮಂದಿ ಬಂದರೆ ಹೆಚ್ಚುವರಿ ಎಲೆಯ ದರವೇನು? ಎಲೆ ಎಣಿಸುವವರು ಯಾರು? ಬಾಯಿಮಾತಿನ ಕರಾರೂ ಕಾನೂನಿನಲ್ಲಿ ಊರ್ಜಿತವೇ. ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಆದುದರಿಂದ ದಿನಾಂಕ, ಸ್ಥಳ, ಸಾಮಗ್ರಿಗಳ ಪಟ್ಟಿ, ದರ, ಮುಂಗಡ, ಬಾಕಿ ಪಾವತಿಯ ದಿನ, ಲಗ್ನ ಮುಂದೂಡಿದರೆ ಅಥವಾ ರದ್ದಾದರೆ ಅನುಸರಿಸುವ ಕ್ರಮ ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಉಭಯತ್ರರೂ ಸಹಿ ಮಾಡುವುದು ಲೇಸು. ಕೇರಳ, ಊಟಿ ಕಡೆಯ ಕೆಲಸ ಒಪ್ಪುವ ಗುಂಡ್ಲುಪೇಟೆಯ ವರ್ತಕರು ಬಂಡೀಪುರದ ಮಾರ್ಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ಸಂಚಾರ ನಿರ್ಬಂಧವನ್ನು ಗಮನಿಸಿ, ಸಾಮಗ್ರಿ ತಲುಪಿಸುವ ವೇಳೆಯನ್ನೂ ನಮೂದಿಸಬೇಕು.

‘ಮುಂಗಡ ಹಿಂತಿರುಗಿಸಲಾಗುವುದಿಲ್ಲ’ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. 1872ರ ಕರಾರು ಅಧಿನಿಯಮದ 74ನೇ ಕಲಮಿನಂತೆ, ಕರಾರಿನಲ್ಲಿ ದಂಡದ ಮೊತ್ತ ನಮೂದಿಸಿದ್ದರೂ ಅದರ ಮಿತಿಯೊಳಗೆ ಸಮಂಜಸ ಪರಿಹಾರ ಮಾತ್ರ ಲಭ್ಯ. ಕರಾರು ನೆರವೇರಿಸುವುದೇ ಅಸಾಧ್ಯವಾದರೆ, ಪಡೆದ ಲಾಭವನ್ನು ಹಿಂತಿರುಗಿಸಬೇಕೆಂದು 65ನೇ ಕಲಂ ಹೇಳುತ್ತದೆ. 2020ರ ಮೇ ತಿಂಗಳಿನಲ್ಲಿ ಮದುವೆಗೆ 50 ಅತಿಥಿಗಳ ಮಿತಿ ವಿಧಿಸಿದಾಗ ಮುಂಗಡದ ಪ್ರಶ್ನೆ ಎಷ್ಟು ಜಟಿಲವೆಂಬುದು ವೃತ್ತಿಯವರ ಅನುಭವಕ್ಕೆ ಬಂದಿತು. ಖರೀದಿಸಿದ ದಿನಸಿ, ಹೂವು, ಕೊಟ್ಟ ಕೂಲಿ ಇವುಗಳ ಚೀಟಿಗಳನ್ನು ಇಟ್ಟುಕೊಂಡವರಿಗೆ ಕಡಿತ ಸಮರ್ಥಿಸುವುದು ಸುಲಭ.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಬಿಲ್ಲು ಅಥವಾ ರಸೀದಿ ನೀಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಗ್ರಾಹಕನು 2 ವರ್ಷಗಳೊಳಗೆ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ನೋಟೀಸು ತಲುಪಿದ 30 ದಿನಗಳಲ್ಲಿ ಉತ್ತರಿಸಬೇಕು. ಆಯೋಗ ಇನ್ನು 15 ದಿನ ಮಾತ್ರ ವಿಸ್ತರಿಸಬಹುದು. ನೋಟೀಸನ್ನು ಕಡೆಗಣಿಸಿದವರು ತಮ್ಮ ವಾದ ಹೇಳುವ ಅವಕಾಶವನ್ನೇ ಕಳೆದುಕೊಳ್ಳುವರು.

ಗ್ರಾಹಕರಿಂದ ಬಾಕಿ ಬರಬೇಕಾದ ವರ್ತಕರಿಗೆ ಈ ಆಯೋಗ ನೆರವಾಗದು. ಅವರು ಸಾಮಾನ್ಯವಾಗಿ 3 ವರ್ಷಗಳೊಳಗೆ ಸಿವಿಲ್ ದಾವೆ ಹೂಡಬೇಕು. ಅದಕ್ಕೂ ಮೊದಲು ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು. ಅಲ್ಲಿಯ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿಯಿಲ್ಲ. ಚಿಕ್ಕ ಊರುಗಳಲ್ಲಿ ಒಂದು ಮದುವೆಯ ಬಾಕಿಗಿಂತ ಆ ಮನೆಯವರು ಮುಂದೆ ಕೊಡಿಸುವ ನಾಲ್ಕು ಮದುವೆಗಳ ಕೆಲಸ ದೊಡ್ಡದು. ರಾಜಿಯಿಂದ ಎರಡೂ ಉಳಿಯಬಹುದು.