ರಕ್ತಕ್ಕೂ ಒಂದು ಬದು

ಗದ್ದೆಗೆ ಬದು ಏಕೆ? ಹಾಯಿಸಿದ ನೀರು ಅಲ್ಲೇ ನಿಲ್ಲಲಿ, ಪಕ್ಕದ ಗದ್ದೆಗೆ ನುಗ್ಗದಿರಲಿ ಎಂದು. ನಮ್ಮ ಡಿಎನ್‌ಎಯಲ್ಲೂ ಇಂತಹ ಬದುಗಳಿವೆ.

ಕೆಂಪು ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಅಲ್ಲಿ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಐದು ಜೀನ್‌ಗಳು 11ನೇ ಕ್ರೋಮೋಸೋಮಿನಲ್ಲಿ ಸಾಲಾಗಿವೆ. ಸಾಲಿನ ಒಂದು ಬದಿಯಲ್ಲಿ ಅವನ್ನೆಲ್ಲ ಚುರುಕುಗೊಳಿಸುವ ಸ್ವಿಚ್ಚು, ಎರಡೂ ತುದಿಗಳಲ್ಲಿ ಗಡಿಭಾಗಗಳು. ಸಿಟಿಸಿಎಫ್ ಎಂಬ ಪ್ರೋಟೀನ್ ಈ ಗಡಿಗಳಿಗೆ ಅಂಟಿಕೊಂಡು ಡಿಎನ್‌ಎ ದಾರವನ್ನು ಕುಣಿಕೆಯಂತೆ ಮಡಿಸುತ್ತದೆ. ಸ್ವಿಚ್ಚಿನ ಪ್ರಭಾವ ಕುಣಿಕೆಯೊಳಗೇ ಉಳಿಯಲು ಇದು ನೆರವಾಗುತ್ತದೆ. ಗಡಿಯಾಚೆ ಇರುವುದು ವಾಸನೆ ಗ್ರಹಿಸುವ ಜೀನ್‌ಗಳು. ರಕ್ತಕ್ಕೆ ಅವುಗಳಿಂದ ಕೆಲಸವಿಲ್ಲ. ಇಂತಹ ಒಂದು ಗಡಿಯ ಗುಣವನ್ನು ವಿಜ್ಞಾನಿಗಳು 1993ರಲ್ಲಿ ಕೋಳಿಯ ಡಿಎನ್‌ಎಯಲ್ಲಿ ತೋರಿಸಿಕೊಟ್ಟರು.

ಗಡಿಯೊಳಗೆ ಸರದಿಯೂ ಇದೆ. ಗರ್ಭದಲ್ಲಿ ಮುಖ್ಯವಾಗಿ ಗಾಮಾ ಜೀನ್ ದುಡಿಯುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಬೀಟಾ ಜೀನ್ ಆ ಕೆಲಸ ವಹಿಸಿಕೊಳ್ಳುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಬೀಟಾ ಜೀನ್ ಬಂದಿದ್ದರೆ ಅದೇ ಥಲಸೇಮಿಯಾ. ಹುಟ್ಟುವಾಗ ಚೆನ್ನಾಗಿದ್ದ ಮಗು ಆರು ತಿಂಗಳ ನಂತರ ಬಿಳಿಚಿಕೊಳ್ಳುವುದು ಇದರಿಂದಲೇ. ಅದಕ್ಕೆ ದೃಷ್ಟಿ ತಗುಲಿಲ್ಲ, ತಾಯಿಯ ಹಾಲಿನಲ್ಲೂ ದೋಷವಿಲ್ಲ.

ಒಂದೇ ಕೆಟ್ಟ ಜೀನ್ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಂತಹ ಇಬ್ಬರು ದಂಪತಿಗಳಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಕುಟುಂಬದಲ್ಲಿ ಈ ಜೀನ್ ಇದ್ದು, ಹತ್ತಿರದ ಸಂಬಂಧದಲ್ಲೇ ಮದುವೆ ನಡೆದರೆ ಅಪಾಯ ಹೆಚ್ಚು. ಆದ್ದರಿಂದ ನಿಕಾಹ್‌ಗೆ ಮುನ್ನ ಹುಡುಗ, ಹುಡುಗಿ ಇಬ್ಬರಿಗೂ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಿ. ಮದುವೆಯಾಗಿದ್ದರೆ ಗರ್ಭ ಧರಿಸಿದ ಆರಂಭದಲ್ಲೇ ವೈದ್ಯರನ್ನು ಕೇಳಿ.