ಹೆಜ್ಜೇನಿಗೆ ಹೊಗೆ ಏಕೆ?

ಕೊಡಗಿನ ನಾಗರಹೊಳೆಯ ಕಾಡುಗಳಲ್ಲಿ ಜೇನುಕುರುಬರು ಎತ್ತರದ ಮರವನ್ನೇರಿ ಹೆಜ್ಜೇನು ಕೀಳುವುದು ತಲೆಮಾರುಗಳಿಂದ ಬಂದ ವಿದ್ಯೆ. ಒಣಹುಲ್ಲಿನೊಡನೆ ಹಸಿಸೊಪ್ಪನ್ನು ಕಟ್ಟಿ ಹೊತ್ತಿಸಿ, ಹುಟ್ಟಿಗೆ ಹೊಗೆ ಹಿಡಿಯುವುದು ಅವರ ಕ್ರಮ. ನೇಪಾಳದ ಗುರುಂಗರು ಹಿಮಾಲಯದ ಕಡಿಬಂಡೆಗಳಲ್ಲಿ ಹಗ್ಗದೇಣಿಗೆ ಜೋತುಬಿದ್ದು ಜೇನು ಕೀಳುವಾಗಲೂ ಹೊಗೆಯೇ ಆಸರೆ. ಆಫ್ರಿಕದ ಟಾಂಜಾನಿಯದಲ್ಲಿ ಹಡ್ಜಾ ಜನರಿಗೂ ಅದೇ ಆಸರೆ. ಈ ಮೂವರ ನುಡಿ ಬೇರೆ, ನಡೆ ಬೇರೆ, ದೈವ ಬೇರೆ, ಒಬ್ಬರನ್ನೊಬ್ಬರು ಕಂಡವರಲ್ಲ. ಹಾಗಾದರೆ ಈ ಸಾಮ್ಯಕ್ಕೆ ಕಾರಣವೇನು?

ಉತ್ತರವು ಹುಳುವಿನ ಸ್ವಭಾವದಲ್ಲಿದೆ. ಒಂದು ಹುಳು ಕುಟುಕಿದೊಡನೆ ಅದರ ಕೊಂಡಿಯ ಬಳಿಯಿಂದ ಒಂದು ವಾಸನಾದ್ರವ್ಯ ಹೊಮ್ಮುತ್ತದೆ. ಉಳಿದವುಗಳಿಗೆ ಅದೇ ಯುದ್ಧದ ಕಹಳೆ. ಯೂರೋಪಿನ ಜೇನುಹುಳುವಿನಲ್ಲಿ ಇದರ ಒಂದು ಅಂಶವು ಬಾಳೆಹಣ್ಣಿನ ಪರಿಮಳವುಳ್ಳ ಐಸೊಅಮೈಲ್ ಅಸಿಟೇಟ್ ಎಂದು 1962ರಲ್ಲಿ ಗುರುತಿಸಲಾಯಿತು. ಹೊಗೆ ಕವಿದಾಗ ಹುಳುವಿನ ಕುಡಿಮೀಸೆಗಳಿಗೆ ಈ ವಾಸನೆ ಸರಿಯಾಗಿ ತಿಳಿಯದು, ದಂಡು ಕೂಡುವುದಿಲ್ಲ. ಜೇನಿನ ಜಾತಿ ಬೇರೆಯಾದರೂ ಈ ಗುಣ ಒಂದೇ.

ಇನ್ನು ಹಸಿಸೊಪ್ಪೇಕೆ? ಅದರೊಳಗಿನ ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಳ್ಳುತ್ತದೆ. ದಹನವು ಅಪೂರ್ಣವಾಗಿ, ಜ್ವಾಲೆ ತಗ್ಗಿ ಹೊಗೆ ಹೆಚ್ಚುತ್ತದೆ. ಬಿಸಿಗಾಳಿ ಹಗುರವಾದುದರಿಂದ ಆ ಹೊಗೆ ತಾನಾಗಿಯೇ ಮೇಲೇರಿ ಹುಟ್ಟನ್ನು ಮುಟ್ಟುತ್ತದೆ.

ಪ್ರಯೋಗಶಾಲೆಯಲ್ಲಿ ನಾವು ತಪ್ಪಿದರೆ ಪ್ರಯೋಗವನ್ನು ಮತ್ತೆ ಮಾಡಬಹುದು. ಮರದ ತುದಿಯಲ್ಲಿ ತಪ್ಪಿದವನಿಗೆ ಆ ಅವಕಾಶವಿಲ್ಲ. ಪ್ರಾಣವನ್ನೇ ಪಣವಾಗಿಟ್ಟು ಗಳಿಸಿದ ಈ ತಿಳಿವಳಿಕೆಯನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ. ನಿಸರ್ಗವು ಎಲ್ಲೆಡೆಯೂ ಒಂದೇ ಪ್ರಶ್ನೆಯನ್ನು ಕೇಳಿತು. ಕಣ್ಣಿಟ್ಟು ನೋಡಿದವರೆಲ್ಲರಿಗೂ ಒಂದೇ ಉತ್ತರ ಹೊಳೆಯಿತು.