ಬೋಧಿ ಮರಕ್ಕೆ ಕಾಸು, ಆಮೇಲೆ ಬೀಚು!

ಶ್ರೀಲಂಕಾ ಟೂರು ಅಂದರೆ ಏಜೆಂಟರ ಬಾಯಲ್ಲಿ ಒಂದೇ ಮಂತ್ರ: ಬೆಳಿಗ್ಗೆ ಬೌದ್ಧ ವಿಹಾರ, ಸಂಜೆ ಬೀಚು. ಸುಳ್ಳೇನಲ್ಲ. ಕೊಲಂಬೊದಿಂದ ದಕ್ಷಿಣಕ್ಕೆ ಗಾಲ್ ರಸ್ತೆ ಹಿಡಿದರೆ ಬಲಗಡೆ ಸಮುದ್ರ, ಅದರ ಮಗ್ಗುಲಲ್ಲೇ ರೈಲು ಹಳಿ, ತೆಂಗಿನ ತೋಪು, ನಡುನಡುವೆ ಬಿಳಿ ಸ್ತೂಪ. ಎ.ಸಿ. ವ್ಯಾನಿನಲ್ಲಿ ತೂಕಡಿಸುವವರಿಗೆ ಮಾತ್ರ ಇದರ ಅರ್ಧವೂ ಕಾಣೋದಿಲ್ಲ.

ಸುಮಾರು 40 ಕಿ.ಮೀ. ಹೋದರೆ ಕಲುತರ. ಕಲು ಗಂಗಾ ನದಿಯ ಸೇತುವೆ ದಾಟಿದೊಡನೆ ರಸ್ತೆ ಬದಿಗೆ ಬೋಧಿವೃಕ್ಷ. ಬಸ್ಸು, ಲಾರಿ, ಕಾರು ಎಲ್ಲಕ್ಕೂ ಇಲ್ಲೊಂದು ಸ್ಟಾಪು. ಡ್ರೈವರೋ ಕಂಡಕ್ಟರೋ ದಡಬಡ ಇಳಿದು ಹುಂಡಿಗೆ ಚಿಲ್ಲರೆ ಹಾಕಿ, ಕೈಮುಗಿದು ಓಡಿ ಬರುತ್ತಾನೆ. ದಾರಿ ಸುಖವಾಗಿರಲಿ ಅಂತ. ಚಿಲ್ಲರೆ ಇಲ್ಲ ಎಂದು ಪ್ಯಾಸೆಂಜರ್ ಮೇಲೆ ಹಾರಾಡೋ ನಮ್ಮ ಕಂಡಕ್ಟರುಗಳು ಅಲ್ಲಿದ್ದರೆ ಏನು ಮಾಡುತ್ತಿದ್ದರೋ! ಇಲ್ಲಿನ ಸ್ತೂಪವೂ ವಿಶೇಷ. ಬೇರೆ ಕಡೆ ಸ್ತೂಪ ಗಟ್ಟಿ, ಪ್ರದಕ್ಷಿಣೆ ಹಾಕಿ ಬರಬೇಕು ಅಷ್ಟೇ. ಇದರ ಒಳಗೆ ಟೊಳ್ಳು. ಹೊಕ್ಕು ಗೋಡೆಯ ಚಿತ್ರ ನೋಡಬಹುದು.

ಬೆಂತೋಟ, ಹಿಕ್ಕಡುವ... ಈಜುವವರಿಗೆ ಸ್ವರ್ಗ. ಹಿಕ್ಕಡುವಕ್ಕೆ ಹತ್ತಿರದ ಪೆರೆಲಿಯ ಎಂಬ ಹಳ್ಳಿಯಲ್ಲಿ ಮಾತ್ರ ವ್ಯಾನು ನಿಲ್ಲಿಸಲೇಬೇಕು. 2004ರ ಡಿಸೆಂಬರ್ 26, ಭಾನುವಾರ, ಹುಣ್ಣಿಮೆ ರಜೆ ಬೇರೆ. ಕೊಲಂಬೊದಿಂದ ಮಾತರಕ್ಕೆ ಹೊರಟಿದ್ದ ರೈಲು ಕಿಕ್ಕಿರಿದು ತುಂಬಿತ್ತು. ಸುನಾಮಿಯ ಮೊದಲ ಅಲೆಗೆ ಅದು ಇಲ್ಲಿ ನಿಂತಿತು. ಇಷ್ಟು ಭಾರದ ರೈಲನ್ನು ನೀರು ಏನು ಮಾಡೀತು ಎಂದು ಊರವರೂ ಓಡಿ ಬಂದು ಡಬ್ಬಿ ಹತ್ತಿದರು, ಮರೆಯಲ್ಲಿ ನಿಂತರು. ಎರಡನೇ ಅಲೆ ಡಬ್ಬಿಗಳನ್ನೇ ಎತ್ತಿ ಬಿಸಾಡಿತು. ಸತ್ತವರು 1,700ಕ್ಕೂ ಹೆಚ್ಚು ಎಂಬುದು ಅಂದಾಜು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ರೈಲು ದುರಂತ ಆಗಿಲ್ಲ. ಈಗ ಅಲ್ಲಿ ಜಪಾನೀಯರ ನೆರವಿನಿಂದ ನಿಂತ ಎತ್ತರದ ಬುದ್ಧನಿದ್ದಾನೆ. 2001ರಲ್ಲಿ ತಾಲಿಬಾನಿಗಳು ಉಡಾಯಿಸಿದ ಬಾಮಿಯಾನ್ ಬುದ್ಧನ ಮಾದರಿ. ಸೆಲ್ಫಿ ಹೊಡೆದು ಎಳನೀರು ಕುಡಿದು ಹೋಗುವವರೇ ಜಾಸ್ತಿ.

ಸೆಲ್ಫಿ ಅಂದಾಗ ನೆನಪಾಯಿತು, ಹುಷಾರು! ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ಅಪಚಾರ. 2012ರಲ್ಲಿ ಮೂವರು ಫ್ರೆಂಚ್ ಪ್ರವಾಸಿಗರು ಬುದ್ಧನ ವಿಗ್ರಹಕ್ಕೆ ಮುತ್ತು ಕೊಡುವ ಫೋಟೋ ಹೊಡೆದುಕೊಂಡು, ಪ್ರಿಂಟ್ ಹಾಕಿಸಲು ಗಾಲ್ ಊರಿನ ಸ್ಟುಡಿಯೋಗೆ ಕೊಟ್ಟರು. ಸ್ಟುಡಿಯೋದವರು ಪೊಲೀಸರಿಗೆ ತಿಳಿಸಿದರು! ಆರು ತಿಂಗಳ ಶಿಕ್ಷೆಯಾಯಿತು. ಕೋರ್ಟು ಅಮಾನತಿನಲ್ಲಿಟ್ಟಿದ್ದರಿಂದ ಜೈಲು ತಪ್ಪಿತು. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಹೆಂಗಸನ್ನು ದೇಶದಿಂದಲೇ ಹೊರಗೆ ಕಳಿಸಿದರು. ಅದು ತಪ್ಪು ಎಂದು ಅಲ್ಲಿನ ಸುಪ್ರೀಂ ಕೋರ್ಟೇ 2017ರಲ್ಲಿ ಎಂಟು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಅದು ಬೇರೆ ಮಾತು. ವಿಹಾರಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ. ಚಪ್ಪಲಿ, ಟೋಪಿ ಹೊರಗೆ. ಬೀಚಿನ ಚಡ್ಡಿಯಲ್ಲೇ ನುಗ್ಗುವ ಹಾಗಿಲ್ಲ. ಹುಣ್ಣಿಮೆ ದಿನ ಹೆಂಡದಂಗಡಿಗೂ ಬೀಗ.

ಗಾಲ್ ದಾಟಿ ಕೊಗ್ಗಲದ ಕಡೆ ಹೋದರೆ, ನೀರಲ್ಲಿ ನೆಟ್ಟ ಕಂಬದ ಮೇಲೆ ಕೂತು ಗಾಳ ಹಾಕುವವರು. ಕ್ಯಾಲೆಂಡರಿನಲ್ಲಿ ಎಲ್ಲರೂ ನೋಡಿದ ಚಿತ್ರವೇ. ಈಗ ಬಹಳ ಜನಕ್ಕೆ ಮೀನಿಗಿಂತ ಪ್ರವಾಸಿಗಳೇ ಗಿರಾಕಿ. ಫೋಟೋ ತೆಗೆದರೆ ಕಾಸು ಕೇಳುತ್ತಾರೆ. ಬೈದುಕೊಂಡು ಹೋಗೋ ಬದಲು ಮೊದಲೇ ರೇಟು ಮಾತಾಡಿಕೊಳ್ಳೋದು ವಾಸಿ. ಈ ಕರಾವಳಿಯಲ್ಲಿ ಸಮುದ್ರ ಶಾಂತವಾಗಿರೋದು ಡಿಸೆಂಬರಿನಿಂದ ಮಾರ್ಚ್‌ವರೆಗೆ. ಮುಂಗಾರಿನಲ್ಲಿ ಹೋದವರು ದಡದಲ್ಲೇ ನಿಂತು ನೋಡಬೇಕು.